ಅಪ್ಪನ ಕರಿ ಸೈಕಲ್ಲು, ಮಗಳ ಗೇರ್ ಸೈಕಲ್ಲು

ಕಳೆದ ಸಲದ ರಾಜ್ಯೋತ್ಸವ ಸಮಾರಂಭ ನಿಮಗೆ ನೆನಪಿರಬಹುದು. ಒಳಗೆ ಅಧ್ಯಕ್ಷರ ಭಾಷಣ ನಡೆದಿತ್ತು. ನಿಮ್ಮಲ್ಲಿ ಅರ್ಧದಷ್ಟು ಜನ ಹೊರಗೆ ಇದ್ದಿರಿ. ಇದು ದೂರಲ್ಲ, ಆ ಹೊತ್ತಿಗೆ ನಾನೂ ಹೊರಗೇ ಇದ್ದೆ. ಗೋಡೆಗೆ ಒರಗಿಸಿಟ್ಟಿದ್ದ ಒಂದು ಹೊಸ ಸೈಕಲ್ಲಿನ ಸುತ್ತ ಐದಾರು ಹುಡುಗರು ಸೇರಿದ್ದರು. ಬೆಲೆ ಕೇಳಿದೆ. ಅವರು ಹೇಳಿದ ಮೊತ್ತದಲ್ಲಿ ಒಂದು ಕಾಲಕ್ಕೆ ಮೋಟಾರ್ ಸೈಕಲ್ ಬರುತ್ತಿತ್ತು. ಅವರಲ್ಲೊಬ್ಬ ಅದನ್ನು ಒಂದೇ ಕೈಯಲ್ಲಿ ಹೂವಿನ ಬುಟ್ಟಿ ಎತ್ತಿದ ಹಾಗೆ ಎತ್ತಿ, "ಅಂಕಲ್, ನಿಮ್ಮ ಕಾಲದ ಸೈಕಲ್ ಹೀಗೆ ಎತ್ತೋಕೆ ಆಗ್ತಿತ್ತಾ?" ಎಂದ.

"ನಮ್ಮ ಕಾಲದ ಸೈಕಲ್ಲನ್ನು ನಾವು ಎತ್ತುತ್ತಿರಲಿಲ್ಲಪ್ಪಾ, ಅದೇ ನಮ್ಮನ್ನು ಎತ್ತಿಕೊಂಡು ಹೋಗುತ್ತಿತ್ತು" ಎಂದೆ. ಎಲ್ಲರೂ ನಕ್ಕರು. ನನಗೂ ಖುಷಿಯಾಯಿತು. ಹಿರಿಯರಿಗೆ ಇಂಥ ಉತ್ತರಗಳು ನಾಲಿಗೆಯ ತುದಿಯಲ್ಲೇ ಇರುತ್ತವೆ. ಆದರೆ ಮನೆಗೆ ಬಂದು ಮಲಗಿದಾಗ ಆ ಮಾತು ನನಗೇ ಚುಚ್ಚತೊಡಗಿತು. ಯಾಕೆಂದರೆ ಇಂಥದೇ ಜಂಬದ ಮಾತನ್ನು ನಾನು ಹಿಂದೆ ಒಮ್ಮೆ ಆಡಿದ್ದೆ. ಅದರ ಬೆಲೆ ತೆತ್ತವಳು ನನ್ನ ಮಗಳು. ಆದುದರಿಂದ ಈ ಸಲ ಸಂಪಾದಕರು "ಯುವಜನರಿಗಾಗಿ ಏನಾದರೂ ಬರೆಯಿರಿ" ಎಂದಾಗ, ಆ ಹುಡುಗನಿಗೆ ಸರಿಯಾದ ಉತ್ತರವನ್ನೇ ಬರೆದುಬಿಡೋಣ ಎನಿಸಿತು. ಹಳೆಯ ಸೈಕಲ್ ಒಳ್ಳೆಯದೋ, ಹೊಸದು ಒಳ್ಳೆಯದೋ? ಸ್ವಲ್ಪ ತಾಳ್ಮೆಯಿಂದ ಓದಿ, ಉತ್ತರ ಒಂದೇ ಮಾತಿನಲ್ಲಿ ಮುಗಿಯುವಂಥದಲ್ಲ.

ನಮ್ಮ ತಂದೆಯವರು ರಾಣೆಬೆನ್ನೂರು ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಅವರು ಸೈಕಲ್ ಕೊಂಡದ್ದು 1958ರಲ್ಲಿ. ಆಗ ನನಗೆ ಆರು ವರ್ಷ. ಅವರ ಎರಡೂವರೆ ತಿಂಗಳ ಸಂಬಳ ಅದಕ್ಕೆ ಹೋಯಿತೆಂದು ಅವ್ವ ಬಹಳ ವರ್ಷ ಹೇಳುತ್ತಿದ್ದಳು. ಹೇಳುವ ಧಾಟಿಯಲ್ಲಿ ಸಿಟ್ಟೆಷ್ಟು, ಹೆಮ್ಮೆಯೆಷ್ಟು ಎಂದು ಗೊತ್ತಾಗುತ್ತಿರಲಿಲ್ಲ. ಇಂಗ್ಲೆಂಡಿನ ಮಾದರಿಯ ಕರಿ ಸೈಕಲ್ಲು, ತಯಾರಾದದ್ದು ನಮ್ಮ ದೇಶದಲ್ಲೇ. ಕಂಪನಿಯ ಹೆಸರು ಬರೆಯುವುದಿಲ್ಲ, ಮುಂದೆ ಅದರ ಮೇಲೆ ಒಂದು ದೂರು ಹೇಳುವುದಿದೆ. ಆ ಕಾಲಕ್ಕೆ ನಮ್ಮ ದೇಶದಲ್ಲಿ ಸೈಕಲ್ ಕಾರಖಾನೆಗಳು ಒಂದೊಂದಾಗಿ ಏಳುತ್ತಿದ್ದವು. 1949ರಲ್ಲಿ ಮದರಾಸಿನ ಟಿ.ಐ. ಸೈಕಲ್ಸ್, ಬಂಗಾಳದ ಅಸನ್ಸೋಲಿನಲ್ಲಿ ಸೆನ್-ರಾಲೆ, 1951ರಲ್ಲಿ ಸೋನೆಪತ್‌ನ ಅಟ್ಲಾಸ್, 1956ರಲ್ಲಿ ಲೂಧಿಯಾನದ ಹೀರೋ. ಊರಿನಲ್ಲಿ ಯಾರ ಮನೆಗೆ ಯಾವ ಸೈಕಲ್ ಬಂತು ಎಂಬುದು ಯಾರ ಮನೆಗೆ ಯಾವ ಸೊಸೆ ಬಂದಳು ಎಂಬಷ್ಟೇ ದೊಡ್ಡ ಸುದ್ದಿಯಾಗಿತ್ತು.

ನಾನು ಸೈಕಲ್ ಕಲಿತದ್ದು ಒಳಪೆಡಲಿನಲ್ಲಿ. ನಿಮಗೆ ಇದು ಗೊತ್ತಿರಲಾರದು. ಸೀಟಿನ ಮೇಲೆ ಕೂತರೆ ಕಾಲು ಎಟುಕದ ಹುಡುಗರು ನಡುದಂಡದ ಕೆಳಗಿನ ತ್ರಿಕೋನದೊಳಗೆ ಒಂದು ಕಾಲು ತೂರಿಸಿ, ಇಡೀ ಮೈಯನ್ನು ಪಕ್ಕಕ್ಕೆ ವಾಲಿಸಿ, ಒಂದು ಕೈಯಿಂದ ಹ್ಯಾಂಡಲ್, ಇನ್ನೊಂದು ಕೈಯಿಂದ ಸೀಟು ಹಿಡಿದು ತುಳಿಯುವ ವಿದ್ಯೆ ಅದು. ಬೀಳದೆ ಕಲಿತವರಿಲ್ಲ. ನನ್ನ ಎಡ ಮೊಣಕಾಲಿನ ಮೇಲೆ ಇಂದಿಗೂ ಅದರ ಗುರುತು ಇದೆ.

ಓದು ಮುಗಿಸಿ, ಜವಳಿ ತಂತ್ರಜ್ಞಾನದ ಡಿಪ್ಲೊಮಾ ಹಿಡಿದು, 1974ರಲ್ಲಿ ಅಹಮದಾಬಾದಿನ ಒಂದು ಬಟ್ಟೆ ಗಿರಣಿಯ ನೇಯ್ಗೆ ವಿಭಾಗಕ್ಕೆ ಸೇರಿದೆ. ಮಣಿನಗರದಲ್ಲಿ ಕೋಣೆ, ರಖಿಯಾಲಿನ ಕಡೆಗೆ ಗಿರಣಿ. ಮರುವರ್ಷ ಅಪ್ಪ ನಿವೃತ್ತರಾದಾಗ ಸೈಕಲ್ಲನ್ನು ಹುಬ್ಬಳ್ಳಿಯಿಂದ ರೈಲ್ವೆ ಪಾರ್ಸೆಲ್ ಮಾಡಿ ನನಗೆ ಕಳಿಸಿದರು. ಹ್ಯಾಂಡಲ್ಲಿಗೆ ಗೋಣಿಚೀಲ ಸುತ್ತಿ, ಒಳಗೆ ಒಂದು ಚೀಟಿ ಇಟ್ಟಿದ್ದರು. "ತಮ್ಮಾ, ವಾರಕ್ಕೊಮ್ಮೆ ಎಣ್ಣಿ ಬಿಡು. ನೀ ಅದನ್ನ ನೋಡಿಕೊಂಡರ ಅದು ನಿನ್ನ ನೋಡಿಕೊಳ್ತತಿ."

ಆಗಿನ ಅಹಮದಾಬಾದನ್ನು ನೀವು ನೋಡಬೇಕಿತ್ತು. ಗಿರಣಿಯ ಭೋಂಗಾ ಕೂಗಿತೆಂದರೆ ಗೋಮತೀಪುರ, ಸರಸಪುರ, ರಖಿಯಾಲಿನ ರಸ್ತೆಗಳಲ್ಲಿ ಸೈಕಲ್ಲುಗಳ ಹೊಳೆಯೇ ಹರಿಯುತ್ತಿತ್ತು. ಹ್ಯಾಂಡಲ್ಲಿಗೆ ಊಟದ ಡಬ್ಬಿ, ಕ್ಯಾರಿಯರಿನಲ್ಲಿ ಮಡಚಿದ ಅಂಗಿ. ಗಿರಣಿಯ ಸೈಕಲ್ ಸ್ಟ್ಯಾಂಡಿನಲ್ಲಿ ನೂರಾರು ಕರಿ ಸೈಕಲ್ಲುಗಳ ನಡುವೆ ನಮ್ಮದನ್ನು ಗುರುತಿಸಲು ಹಿಂದಿನ ಮಡ್‌ಗಾರ್ಡಿಗೆ ಕನ್ನಡದಲ್ಲಿ "ಶ್ರೀ" ಎಂದು ಬರೆಸಿದ್ದೆ. ಗುಜರಾತಿ ಮಿತ್ರರು ಅದನ್ನು ಜಿಲೇಬಿ ಎಂದು ಕರೆಯುತ್ತಿದ್ದರು. ಅದೇ ಊರಿನಲ್ಲಿ ಕರ್ಸನ್‌ಭಾಯಿ ಪಟೇಲರು 1969ರಿಂದ ತಾವೇ ತಯಾರಿಸಿದ ಬಟ್ಟೆ ತೊಳೆಯುವ ಪುಡಿಯನ್ನು ಸೈಕಲ್ ಮೇಲೆ ಹೇರಿಕೊಂಡು ಮನೆಮನೆಗೆ ಮಾರಿದ್ದರು. ಅದೇ ಮುಂದೆ ನಿರ್ಮಾ ಆಯಿತು. ಸೈಕಲ್ಲಿನ ಕ್ಯಾರಿಯರ್ ಎಷ್ಟು ಭಾರ ಹೊರಬಲ್ಲದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ಗುಣಮಟ್ಟದ ವಿಷಯಕ್ಕೆ ಬರುತ್ತೇನೆ. ಮಗ್ಗದ ಯಂತ್ರಗಳೊಡನೆ ಬದುಕಿದವನಾದ್ದರಿಂದ ನನಗೆ ವಸ್ತುವನ್ನು ಬಿಚ್ಚಿ ನೋಡದೆ ಸಮಾಧಾನವಿಲ್ಲ. ಅಪ್ಪನ ಸೈಕಲ್ಲನ್ನು ಒಮ್ಮೆ ಗಿರಣಿಯ ತಕ್ಕಡಿಯ ಮೇಲೆ ನಿಲ್ಲಿಸಿ ತೂಗಿದ್ದೆ. 21 ಕಿಲೋ. ನಿಮ್ಮ ಇಂದಿನ ಒಳ್ಳೆಯ ಸೈಕಲ್ಲು 12ರಿಂದ 14 ಕಿಲೋ ಇರುತ್ತದೆ. ಆ ತೂಕವೆಲ್ಲ ಎಲ್ಲಿತ್ತು? ಮೊದಲು ಚೌಕಟ್ಟಿನಲ್ಲಿ. ಹಳೆಯ ಸೈಕಲ್ಲಿನಲ್ಲಿ ಉಕ್ಕಿನ ಕೊಳವೆಗಳನ್ನು ಮೂಲೆಮೂಲೆಗೆ ಒಂದೊಂದು ಉಕ್ಕಿನ ತೋಳಿನೊಳಗೆ ತೂರಿಸಿ, ಸಂದಿಗೆ ಹಿತ್ತಾಳೆ ಕರಗಿಸಿ ಬೆಸೆಯುತ್ತಿದ್ದರು. ಇಂದಿನ ಸೈಕಲ್ಲಿನಲ್ಲಿ ಆ ತೋಳು ಇರುವುದು ಅಪರೂಪ, ಕೊಳವೆಗೆ ಕೊಳವೆಯನ್ನೇ ಇಟ್ಟು ವೆಲ್ಡಿಂಗ್ ಮಾಡುತ್ತಾರೆ. ಎರಡೂ ಸರಿಯಾಗಿ ಮಾಡಿದರೆ ಗಟ್ಟಿಯೇ. ವ್ಯತ್ಯಾಸ ತಿಳಿಯುವುದು ಮುರಿದಾಗ. ಉಕ್ಕಿನ ಚೌಕಟ್ಟನ್ನು ಯಾವ ಹಳ್ಳಿಯ ಗ್ಯಾಸ್ ವೆಲ್ಡಿಂಗಿನವನಾದರೂ ಬೆಸೆದು ಕೊಡುತ್ತಾನೆ. ಅಲ್ಯೂಮಿನಿಯಂ ಚೌಕಟ್ಟಿಗೆ ಶಾಖಸಂಸ್ಕಾರ ಕೊಟ್ಟಿರುತ್ತಾರೆ. ಮತ್ತೆ ಬೆಸೆದರೆ ಆ ಜಾಗದಲ್ಲಿ ಅದರ ಬಲ ಹೋಗುತ್ತದೆ.

ಆಮೇಲೆ ಗಾಲಿ. ಮುಂದಿನ ಗಾಲಿಗೆ 32 ಕಡ್ಡಿ, ಹಿಂದಿನದಕ್ಕೆ 40. ಭಾರ ಬೀಳುವುದು ಹಿಂದೆ, ಆದ್ದರಿಂದ ಅಲ್ಲಿ ಎಂಟು ಕಡ್ಡಿ ಹೆಚ್ಚು. ಎಷ್ಟು ಸರಳ ಲೆಕ್ಕ ನೋಡಿ! ಅದರ ಮೇಲೆ 28 ಇಂಚಿನ ದೊಡ್ಡ ಟೈರು, ಗುಂಡಿ ಬಿದ್ದ ರಸ್ತೆಯಲ್ಲೂ ತೇಲಿಕೊಂಡು ಹೋಗುತ್ತಿತ್ತು. ಪೆಡಲಿನ ದೊಡ್ಡ ಚಕ್ರಕ್ಕೆ 44 ಹಲ್ಲು, ಹಿಂದಿನ ಫ್ರೀವೀಲಿಗೆ 18. ಅಂದರೆ ಒಂದು ಸುತ್ತು ತುಳಿದರೆ ಸುಮಾರು ಐದೂವರೆ ಮೀಟರ್ ದಾರಿ ಸಾಗಿತು. ಗೇರಿಲ್ಲ. ಸಪಾಟು ಅಹಮದಾಬಾದಿಗೆ ಅದು ಬೇಕಾಗಿಯೂ ಇರಲಿಲ್ಲ. ಚೈನಿನ ಸುತ್ತ ಪೂರಾ ತಗಡಿನ ಕವಚ ಇದ್ದದ್ದರಿಂದ ಧೂಳು ಒಳಗೆ ಹೋಗುತ್ತಿರಲಿಲ್ಲ, ಧೋತಿಯ ಅಂಚೂ ಸಿಕ್ಕುತ್ತಿರಲಿಲ್ಲ. ಅಪ್ಪನ ಸೈಕಲ್ಲಿನ ಮೊದಲ ಚೈನು ಹದಿನೇಳು ವರ್ಷ ಬಾಳಿತು. ನಿಮ್ಮ ಗೇರ್ ಸೈಕಲ್ಲಿನ ತೆಳುವಾದ ಚೈನು ಬಯಲಿನಲ್ಲಿ ಓಡುತ್ತದೆ, ಹಲ್ಲಿನಿಂದ ಹಲ್ಲಿಗೆ ಓರೆಯಾಗಿ ಜಿಗಿಯುತ್ತದೆ. ಅದು ಬೇಗ ಸವೆಯುವುದು ಅದರ ತಪ್ಪಲ್ಲ, ಅದಕ್ಕೆ ಹೇಳಿದ ಕೆಲಸವೇ ಹೆಚ್ಚು.

ಸರಸಪುರದಲ್ಲಿ ಒಬ್ಬ ಮುದುಕ ರಿಪೇರಿಯವನಿದ್ದ. ಎಲ್ಲರೂ ಚಾಚಾ ಎನ್ನುತ್ತಿದ್ದರು. ಒಂದು ಮರದ ಪೆಟ್ಟಿಗೆ, ಎರಡು ಪಾನಾ, ಒಂದು ಸುತ್ತಿಗೆ, ಸೀಮೆಎಣ್ಣೆಯ ತಟ್ಟೆ, ಪಂಪು. ಇಷ್ಟರಲ್ಲಿ ಇಡೀ ಸೈಕಲ್ಲನ್ನು ಬಿಚ್ಚಿ ಮತ್ತೆ ಜೋಡಿಸುತ್ತಿದ್ದ. ಪೆಡಲಿನ ಆಕ್ಸಲ್ ಬಿಚ್ಚಿದರೆ ಒಂದೊಂದು ಬದಿಗೆ ಕಾಲು ಇಂಚಿನ 11 ಗುಂಡುಗಳು ಉರುಳಿ ಬರುತ್ತಿದ್ದವು. ತಟ್ಟೆಯಲ್ಲಿ ತೊಳೆದು, ಸವೆದ ಗುಂಡನ್ನು ಬೇರೆ ಮಾಡಿ, ಗ್ರೀಸು ಮೆತ್ತಿ, ಒಂದೊಂದಾಗಿ ಕೂಡಿಸುತ್ತಿದ್ದ. ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು ನೋಡಿ ನೋಡಿ ನಾನೂ ಕಲಿತೆ. ಬಾವಳದ ಮುಳ್ಳಿನ ಪಂಕ್ಚರ್ ಹಾಕುವುದನ್ನು ಕಲಿಸಿದವನೂ ಅವನೇ. ನೀವು ಇಲ್ಲಿ ಗಾಂಡೊ ಬಾವಳ ಎನ್ನುವ ಗಿಡವನ್ನೇ ನಮ್ಮ ಕಡೆ ಬಳ್ಳಾರಿ ಜಾಲಿ ಎನ್ನುತ್ತಾರೆ. ಎರಡು ರಾಜ್ಯಗಳಲ್ಲೂ ಅದು ಹಳೆಯ ಟೈರು ಹೊಸ ಟೈರು ಎಂಬ ಭೇದ ಮಾಡುವುದಿಲ್ಲ.

ಒಂದು ದಿನ ಆ ಚಾಚಾನ ಎದುರು ನಾನು ನನ್ನ ಸೈಕಲ್ಲಿನ ಬಡಾಯಿ ಕೊಚ್ಚಿಕೊಂಡೆ. ಹಳೆಯ ಕಾಲದ ಕೆಲಸವೇ ಬೇರೆ, ಇಷ್ಟು ವರ್ಷವಾದರೂ ಹೇಗಿದೆ ನೋಡು ಎಂದೆ. ಅವನು ನಗುತ್ತ ತನ್ನ ಗುಡಿಸಲಿನ ಹಿಂದಕ್ಕೆ ಕರೆದೊಯ್ದ. ಅಲ್ಲಿ ಗೋಡೆಯ ಎತ್ತರಕ್ಕೆ ಹಳೆಯ ಸೈಕಲ್ಲುಗಳ ಮೂಳೆಗಳು. ಬುಡದಲ್ಲಿ ಸೀಳಿದ ಮುಂಗಾಲುಗಳು, ಮೊಟ್ಟೆಯಂತಾದ ರಿಮ್ಮುಗಳು, ಹಲ್ಲು ಉದುರಿದ ಚಕ್ರಗಳು. ಇವೂ ಅದೇ ಕಾಲದವು ಎಂದ. ಆಗಲೂ ಹೆಸರಿಲ್ಲದ ಕೊಳವೆಗಳನ್ನು ಜೋಡಿಸಿ ಅಗ್ಗಕ್ಕೆ ಮಾರುವವರಿದ್ದರು, ನಕಲಿ ಬಿಡಿಭಾಗಗಳೂ ಧಾರಾಳ ಇದ್ದವು. ಕೆಟ್ಟವು ಸತ್ತುಹೋದವು, ಒಳ್ಳೆಯವು ಉಳಿದವು. ನಾವು ಉಳಿದವನ್ನು ಮಾತ್ರ ನೋಡಿ ಹಳೆಯದೆಲ್ಲ ಒಳ್ಳೆಯದಿತ್ತು ಎನ್ನುತ್ತೇವೆ. ಈ ಮಾತು ಆವತ್ತು ನನಗೆ ಪೂರ್ತಿ ಇಳಿಯಲಿಲ್ಲ ಎಂದೇ ಹೇಳಬೇಕು.

ಇನ್ನೊಂದು ಲೆಕ್ಕವನ್ನೂ ನಾವು ಮರೆಯುತ್ತೇವೆ. ಅಪ್ಪ ಕೊಟ್ಟದ್ದು ಎರಡೂವರೆ ತಿಂಗಳ ಸಂಬಳ. ಇಂದು ಒಬ್ಬ ಸರಕಾರಿ ಶಾಲೆಯ ಶಿಕ್ಷಕ ತನ್ನ ಎರಡೂವರೆ ತಿಂಗಳ ಸಂಬಳವನ್ನು ಸೈಕಲ್ಲಿಗೆ ಸುರಿದರೆ, ರಾಜ್ಯೋತ್ಸವದ ದಿನ ನಾನು ಕಂಡಂಥ ಸೈಕಲ್ಲೇ ಬಂದೀತು. ಆದರೆ ನಾವು ಏನು ಮಾಡುತ್ತೇವೆ? ಅಪ್ಪಂದಿರ ಸೈಕಲ್ಲನ್ನು ಮಕ್ಕಳಿಗೆ ಹುಟ್ಟುಹಬ್ಬಕ್ಕೆ ಕೊಡಿಸುವ ಐದಾರು ಸಾವಿರದ ಸೈಕಲ್ಲಿನ ಪಕ್ಕ ನಿಲ್ಲಿಸಿ, "ನೋಡಿದಿರಾ, ಈಗಿನದು ತಗಡು" ಎನ್ನುತ್ತೇವೆ. ಇದು ರೇಷ್ಮೆ ಸೀರೆಯ ಪಕ್ಕ ನೂಲಿನ ಟವಲನ್ನು ಇಟ್ಟು ಈಗಿನ ಮಗ್ಗವೇ ಕೆಟ್ಟದ್ದು ಎಂದಂತೆ.

1986ರಲ್ಲಿ ನಮ್ಮ ಗಿರಣಿಗೆ ಬೀಗ ಬಿತ್ತು. ಆ ದಶಕದಲ್ಲಿ ಅಹಮದಾಬಾದಿನ ಗಿರಣಿಗಳು ಒಂದರ ಹಿಂದೊಂದು ಮುಚ್ಚಿದವು. ರಸ್ತೆಯ ಮೇಲಿನ ಆ ಸೈಕಲ್ಲುಗಳ ಹೊಳೆಯೂ ಬತ್ತಿತು. ಎಲ್ಲಿಸ್ ಬ್ರಿಜ್ಜಿನ ಕೆಳಗಿನ ರವಿವಾರಿ ಸಂತೆಯಲ್ಲಿ ಸಾಲುಸಾಲಾಗಿ ಸೈಕಲ್ಲುಗಳು ಮಾರಾಟಕ್ಕೆ ನಿಂತಿದ್ದನ್ನು ನೋಡಿದೆ. ಒಂದೆರಡರ ಹ್ಯಾಂಡಲ್ಲಿಗೆ ಡಬ್ಬಿ ತೂಗುಹಾಕುವ ಕೊಕ್ಕೆ ಇನ್ನೂ ಹಾಗೇ ಇತ್ತು. ನಾನು ನನ್ನದನ್ನು ಮಾರಲಿಲ್ಲ. ಅದರ ಮೇಲೆಯೇ ವಡೋದರೆಗೆ ಬಂದೆ ಎಂದರೆ ಅತಿಶಯೋಕ್ತಿ, ಲಾರಿಯಲ್ಲಿ ಸಾಮಾನಿನ ಜೊತೆ ತಂದೆ. ಮಕರಪುರಾ ಜಿ.ಐ.ಡಿ.ಸಿ.ಯಲ್ಲಿ ಕೃತಕ ನೂಲಿನ ಕಂಪನಿಯಲ್ಲಿ ಕೆಲಸ. ಹದಿನೈದು ವರ್ಷ ಅಲ್ಲಿಯೂ ಅದೇ ಸೈಕಲ್ಲು. ನವರಾತ್ರಿಯ ಕೊನೆಗೆ ಬರುವ ಆಯುಧ ಪೂಜೆಯ ದಿನ ಅದಕ್ಕೆ ಸ್ನಾನ, ಅರಿಸಿನ ಕುಂಕುಮ, ಗಾಲಿಯ ಕೆಳಗೆ ನಿಂಬೆಹಣ್ಣು. ನನ್ನ ಮಕ್ಕಳು ರಾತ್ರಿಯೆಲ್ಲ ಗರ್ಬಾ ಕುಣಿದು ಬಂದು, ನಿದ್ದೆಗಣ್ಣಿನಲ್ಲೇ ಆರತಿ ಹಿಡಿಯುತ್ತಿದ್ದರು. ನಿಮ್ಮ ಮನೆಗಳಲ್ಲೂ ಇದೇ ಕಥೆ ಇದ್ದೀತು.

2001ರಲ್ಲಿ ಕೆಲಸದ ಮೇಲೆ ಸೂರತ್ತಿಗೆ ಹೋದೆವು. ಅಡಾಜಣದಲ್ಲಿ ಮೊದಲ ಮಾಳಿಗೆಯ ಮನೆ. ಮಗಳು ಒಂಬತ್ತನೆಯ ತರಗತಿಗೆ ಬಂದಾಗ ಗೇರ್ ಸೈಕಲ್ಲೇ ಬೇಕೆಂದು ಹಟ ಹಿಡಿದಳು. ಕೊಡಿಸಿದೆ. ನೀಲಿ ಬಣ್ಣ, ಹದಿನೆಂಟು ಗೇರು, ಮುಂದೆ ಸ್ಪ್ರಿಂಗಿನ ಫೋರ್ಕು, ಅಗಲ ಟೈರು, ಅಲ್ಯೂಮಿನಿಯಂ ರಿಮ್ಮು. ಮಡ್‌ಗಾರ್ಡ್ ಇಲ್ಲ, ಕ್ಯಾರಿಯರ್ ಇಲ್ಲ, ಬೆಲ್ಲು ಬೇಕಾದರೆ ಬೇರೆ ಕೊಳ್ಳಬೇಕು. "ಇದೇನು, ಹೆಣ್ಣನ್ನು ಕೊಟ್ಟು ತಾಳಿಗೆ ಬೇರೆ ದುಡ್ಡು ಕೇಳಿದ ಹಾಗಾಯಿತು" ಎಂದೆ. ಅಂಗಡಿಯವನಿಗೆ ಅರ್ಥವಾಗಲಿಲ್ಲ, ಮಗಳಿಗೆ ಅರ್ಥವಾಗಿ ಸಿಟ್ಟು ಬಂತು. ಎರಡೇ ತಿಂಗಳಿಗೆ ಗೇರು ತಾನಾಗಿ ಜಿಗಿಯತೊಡಗಿತು, ಆರು ತಿಂಗಳಿಗೆ ಹಿಂದಿನ ಗಾಲಿ ಡೊಂಕಾಯಿತು. ನಾನು ಅಪ್ಪನ ಸೈಕಲ್ಲಿನ ಸೀಟು ತಟ್ಟಿ ತಟ್ಟಿ ಅವಳನ್ನು ರೇಗಿಸುತ್ತಿದ್ದೆ.

ಆಮೇಲೆ ಬಂತು 2006ರ ಆಗಸ್ಟ್. ಉಕಾಯಿ ಅಣೆಕಟ್ಟಿನಿಂದ ನೀರು ಬಿಟ್ಟಾಗ ತಾಪಿ ನದಿ ಊರೊಳಗೆ ನುಗ್ಗಿತು. ನಿಮ್ಮಲ್ಲಿ ಸೂರತ್ತಿನವರ ತಂದೆತಾಯಿಗಳನ್ನು ಕೇಳಿ, ಆ ದಿನಗಳ ಕಥೆಗೆ ಒಂದು ರಾತ್ರಿ ಸಾಲದು. ನಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎರಡೂ ಸೈಕಲ್ಲುಗಳು ಪಕ್ಕಪಕ್ಕದಲ್ಲೇ ಮುಳುಗಿದವು. ನೀರು ಇಳಿದ ಮೇಲೆ ಮೊಣಕಾಲುದ್ದ ಕೆಸರಿನಿಂದ ಅವನ್ನು ಎಳೆದು ತೆಗೆದೆವು.

ಗುಣಮಟ್ಟದ ಪರೀಕ್ಷೆ ಎಂದರೆ ಅದು. ಯಾವ ಪ್ರಯೋಗಶಾಲೆಯೂ ಹಾಗೆ ಮಾಡಲಾರದು. ಅಪ್ಪನ ಸೈಕಲ್ಲನ್ನು ನಾನೇ ಅಂಗಳದಲ್ಲಿ ಬಿಚ್ಚಿದೆ. ಸರಸಪುರದ ವಿದ್ಯೆ ಕೈಗೆ ಬಂತು. ಗುಂಡುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಕೆಟ್ಟವನ್ನು ಬದಲಿಸಿ, ಹೊಸ ಗ್ರೀಸು ತುಂಬಿ, ಮೂರನೆಯ ದಿನ ರಸ್ತೆಗೆ ಇಳಿಸಿದೆ. ಖರ್ಚು ನೂರು ರೂಪಾಯಿಯೊಳಗೆ. ನಿಜ, ರಿಮ್ಮಿನ ಹೊಳಪು ಹೋಗಿ ತುಕ್ಕಿನ ಚುಕ್ಕೆಗಳು ಎದ್ದಿದ್ದವು. ಮಗಳ ಸೈಕಲ್ಲಿನ ಅಲ್ಯೂಮಿನಿಯಂ ರಿಮ್ಮು ತೊಳೆದ ತಟ್ಟೆಯಂತೆ ಬೆಳ್ಳಗೇ ಇತ್ತು. ಆದರೆ ಅದರ ಸ್ಪ್ರಿಂಗ್ ಫೋರ್ಕಿನೊಳಗೆ ಕೆಸರು ಹೆಪ್ಪುಗಟ್ಟಿ ಅಲುಗದಂತಾಗಿತ್ತು. ಪೆಡಲಿನ ಬೇರಿಂಗು ಬಿಚ್ಚಲಾಗದ ಜಾತಿಯದು, ಇಡಿಯಾಗಿ ಹೊಸದೇ ಹಾಕಬೇಕು. ಗೇರಿನ ಭಾಗ ಸೂರತ್ತಿನಲ್ಲಿ ಆಗ ಸಿಗಲಿಲ್ಲ. ಇಡೀ ಊರೇ ರಿಪೇರಿಗೆ ಕೂತಿದ್ದಾಗ ಸೈಕಲ್ಲಿನ ಗೇರನ್ನು ಯಾರು ಕೇಳುತ್ತಾರೆ? ಆ ಸೈಕಲ್ಲು ಎರಡು ತಿಂಗಳು ಮೂಲೆ ಹಿಡಿಯಿತು. ಆಮೇಲೂ ಅದು ಪೂರ್ತಿ ಚೇತರಿಸಿಕೊಳ್ಳಲಿಲ್ಲ.

ನನ್ನ ಜಂಬಕ್ಕೆ ಆಗ ಮೇರೆಯೇ ಇರಲಿಲ್ಲ. ಬಂದವರಿಗೆಲ್ಲ ತೋರಿಸುತ್ತಿದ್ದೆ. "ಐವತ್ತು ವರ್ಷದ ಹತ್ತಿರ ಬಂತು, ಒಂದು ದಿನ ನಿಂತದ್ದಿಲ್ಲ ಈ ಸೈಕಲ್ಲು!"

2007ರ ಜುಲೈ. ಮಗಳ ಸೈಕಲ್ಲು ಮತ್ತೆ ಅಂಗಡಿಯಲ್ಲಿತ್ತು. ಅವಳಿಗೆ ಅಠ್ವಾಲೈನ್ಸ್ ಕಡೆಗೆ ಟ್ಯೂಷನ್. ಆಟೋಕ್ಕೆ ದುಡ್ಡು ಕೇಳಿದಳು. "ಅಜ್ಜನ ಸೈಕಲ್ಲು ತೊಗೊಂಡು ಹೋಗು, ಇಂಥ ಹತ್ತು ಸೈಕಲ್ಲಿಗೆ ಸಮ ಅದು" ಎಂದೆ. ಅವಳು ಎತ್ತರದ ಹುಡುಗಿ, ನಡುದಂಡದ ಸೈಕಲ್ಲು ಅವಳಿಗೆ ಕಷ್ಟವಾಗಿರಲಿಲ್ಲ. ಹೋಗುವಾಗ ಮಳೆ ಇರಲಿಲ್ಲ. ಬರುವಾಗ ಸರ್ದಾರ್ ಬ್ರಿಜ್ಜಿನ ಮೇಲೆ ಜೋರು ಮಳೆ ಹಿಡಿಯಿತು. ಅಡಾಜಣದ ಕಡೆಯ ಇಳಿಜಾರಿನಲ್ಲಿ ಮುಂದೆ ಒಂದು ತರಕಾರಿ ಲಾರಿ. ನಿಮಗೆ ಹೇಳಬೇಕಾಗಿಲ್ಲ, ಗುಜರಾತಿನ ಲಾರಿ ಎಂದರೆ ಕೈಗಾಡಿ. ಅದು ಅಡ್ಡ ತಿರುಗಿತು. ಅವಳು ಎರಡೂ ಬ್ರೇಕುಗಳನ್ನು ಬಲವಾಗಿಯೇ ಒತ್ತಿದಳು. ಸೈಕಲ್ಲು ನಿಲ್ಲಲಿಲ್ಲ.

ಬಲಗಡೆಯ ಕೊರಳೆಲುಬು ಮುರಿಯಿತು. ಗದ್ದಕ್ಕೆ ನಾಲ್ಕು ಹೊಲಿಗೆ. ಆರು ವಾರ ಬಲಗೈಯನ್ನು ಕೊರಳಿಗೆ ಕಟ್ಟಿಕೊಂಡು ಕೂತಳು. ಹನ್ನೊಂದನೆಯ ತರಗತಿಯ ಮೊದಲ ಪರೀಕ್ಷೆ ಬರೆಯಲಾಗಲಿಲ್ಲ. ಆಸ್ಪತ್ರೆಯಲ್ಲಿ ನಾನು ಅವಳ ಹಾಸಿಗೆಯ ಪಕ್ಕ ತಲೆ ತಗ್ಗಿಸಿ ಕೂತಿದ್ದೆ. ಅವಳು ನೋವಿನಲ್ಲೂ ನಕ್ಕು ಹೇಳಿದಳು: "ಪಪ್ಪಾ, ಆ ಸೈಕಲ್ ಯಾವತ್ತೂ ನಿಂತಿಲ್ಲ ಅಂತ ನೀವೇ ಹೇಳ್ತಿದ್ರಲ್ಲ. ನಾನು ನಂಬಬೇಕಿತ್ತು."

ಅವಳ ಅಮ್ಮ ನಗಲಿಲ್ಲ. ಬಹಳ ದಿನ ನನ್ನೊಡನೆ ಸರಿಯಾಗಿ ಮಾತೂ ಆಡಲಿಲ್ಲ.

ಇದರಲ್ಲಿ ಮಾಯೆಯೇನೂ ಇಲ್ಲ. ಹಳೆಯ ಕರಿ ಸೈಕಲ್ಲಿನ ಬ್ರೇಕು ಕಬ್ಬಿಣದ ಸರಳಿನಿಂದ ಎಳೆಯುವಂಥದು. ರಬ್ಬರಿನ ತುಂಡುಗಳು ರಿಮ್ಮಿನ ಪಕ್ಕವನ್ನು ಹಿಡಿಯುವುದಿಲ್ಲ, ಒಳಮೈಯನ್ನು ಒತ್ತುತ್ತವೆ. ಅದರಿಂದ ಒಂದು ಅನುಕೂಲ ಇತ್ತು. ಗಾಲಿ ಸ್ವಲ್ಪ ಡೊಂಕಾಗಿದ್ದರೂ ಬ್ರೇಕಿಗೆ ತಾಗುತ್ತಿರಲಿಲ್ಲ, ಹಳ್ಳಿಯ ರಸ್ತೆಗೆ ಅದು ಚೆನ್ನ. ಆದರೆ ಹೊಳಪಿನ ಲೇಪ ಕೊಟ್ಟ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರಿಗೆ ಹಿಡಿತವೇ ಸಿಕ್ಕುವುದಿಲ್ಲ. ಗಾಜಿನ ಮೇಲೆ ಸಾಬೂನು ಜಾರಿದ ಹಾಗೆ ಜಾರುತ್ತದೆ. ಒಣಗಿದ್ದಾಗ ನಿಲ್ಲುವ ದೂರದ ಹಲವು ಪಟ್ಟು ದೂರ ಬೇಕು. ಅಲ್ಯೂಮಿನಿಯಂ ರಿಮ್ಮು ಒದ್ದೆಯಾದರೂ ಎಷ್ಟೋ ಮೇಲು. ನಿಮ್ಮ ಸೈಕಲ್ಲುಗಳ ಡಿಸ್ಕ್ ಬ್ರೇಕಿಗಂತೂ ರಿಮ್ಮಿನ ಹಂಗೇ ಇಲ್ಲ. ಮಗಳು ತನ್ನ ಆ ಗೊಣಗುವ, ಜಿಗಿಯುವ ಗೇರ್ ಸೈಕಲ್ಲಿನ ಮೇಲೆ ಇದ್ದಿದ್ದರೆ ಬಹುಶಃ ನಿಲ್ಲಿಸುತ್ತಿದ್ದಳು.

ನನಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಮಳೆಗಾಲದಲ್ಲಿ ನಾನು ಯಾವಾಗಲೂ ನಿಧಾನ ಹೋಗುತ್ತಿದ್ದೆ, ಇಳಿಜಾರಿಗೆ ಮುಂಚೆಯೇ ಬ್ರೇಕು ಮೆಲ್ಲಗೆ ಒತ್ತಿ ರಿಮ್ಮಿನ ನೀರು ಒರೆಸಿಕೊಳ್ಳುತ್ತಿದ್ದೆ, ಬೇಕೆಂದರೆ ಕಾಲು ಊರುತ್ತಿದ್ದೆ. ಮೂವತ್ತು ವರ್ಷದಲ್ಲಿ ಇದು ಕಾಲಿಗೂ ಕೈಗೂ ಅಭ್ಯಾಸವಾಗಿಹೋಗಿತ್ತು. ಎಷ್ಟರಮಟ್ಟಿಗೆ ಎಂದರೆ, ಅದನ್ನು ಸೈಕಲ್ಲಿನ ದೋಷವೆಂದು ನಾನು ಎಣಿಸಲೇ ಇಲ್ಲ. ಅವಳಿಗೆ ಹೇಳಲೂ ಹೊಳೆಯಲಿಲ್ಲ. ಒಳಪೆಡಲಿನ ಕಥೆಯನ್ನು ನೂರು ಸಲ ಹೇಳಿದ್ದೆ. ಮಳೆಯಲ್ಲಿ ಈ ಬ್ರೇಕು ಹಿಡಿಯುವುದಿಲ್ಲ ಎಂಬುದನ್ನು ಒಂದು ಸಲವೂ ಹೇಳಿರಲಿಲ್ಲ.

ಆದುದರಿಂದ, ರಾಜ್ಯೋತ್ಸವದ ದಿನ ಕೇಳಿದ ಆ ಹುಡುಗನಿಗೆ ನನ್ನ ಉತ್ತರ ಇದು. ನಿನ್ನ ಸೈಕಲ್ಲು ಬ್ರೇಕಿನಲ್ಲಿ, ತೂಕದಲ್ಲಿ, ರಿಮ್ಮಿನಲ್ಲಿ ನಮ್ಮದಕ್ಕಿಂತ ಎಷ್ಟೋ ಮೇಲು. ಈ ಮೂರರಲ್ಲಿ ವಾದಕ್ಕೆ ಜಾಗವಿಲ್ಲ. ನಮ್ಮದು ಬಾಳಿಕೆಯಲ್ಲಿ, ಬಿಚ್ಚಿ ಜೋಡಿಸುವ ಸುಲಭದಲ್ಲಿ, ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು, ಚೈನಿನ ಕವಚ ಎಲ್ಲ ಕೂಡಿಯೇ ಬರುತ್ತಿದ್ದುದರಲ್ಲಿ ಮೇಲು. ನಿಜವಾಗಿ ಕಳಪೆಯಾದದ್ದು ಯಾವುದು ಎಂದರೆ, ನಾನು ಮಗಳಿಗೆ ಕೊಡಿಸಿದಂಥದು. ದುಬಾರಿ ಸೈಕಲ್ಲಿನ ವೇಷ ಹಾಕಿದ ಅಗ್ಗದ ಸೈಕಲ್ಲು. ಆ ಬೆಲೆಗೆ ಸ್ಪ್ರಿಂಗ್ ಫೋರ್ಕು, ಹದಿನೆಂಟು ಗೇರು ಎರಡನ್ನೂ ಕೊಡಬೇಕೆಂದರೆ ಬೇರೆಲ್ಲಿಂದಲೋ ಕದಿಯಲೇಬೇಕು, ಬೇರಿಂಗಿನಿಂದಲೋ ಕಡ್ಡಿಯಿಂದಲೋ. ಹತ್ತು ಹನ್ನೆರಡು ಸಾವಿರದಲ್ಲಿ ಕೊಳ್ಳುವವರಿದ್ದರೆ ಸ್ಪ್ರಿಂಗ್ ಬೇಡ, ಗೇರು ಇಲ್ಲದಿದ್ದರೂ ನಡೆಯುತ್ತದೆ, ನಮ್ಮ ಊರುಗಳಲ್ಲಿ ಬೆಟ್ಟವೆಲ್ಲಿದೆ? ಅಲ್ಯೂಮಿನಿಯಂ ರಿಮ್ಮು, ಒಳ್ಳೆಯ ಬ್ರೇಕು, ಗಟ್ಟಿ ಗಾಲಿ ನೋಡಿ. ಅಂಗಡಿಯಲ್ಲೇ ಗಾಲಿಯನ್ನು ಎತ್ತಿ ತಿರುಗಿಸಿ, ಓಲಾಡುತ್ತದೆಯೋ ಎಂದು ಕಣ್ಣಿಟ್ಟು ನೋಡಿ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಕಾಲವೂ ಹೇಗೆ ತಿರುಗಿತು ನೋಡಿ. ನಾವು ದೇವರಂತೆ ಕಾಣುತ್ತಿದ್ದ ಇಂಗ್ಲೆಂಡಿನ ರಾಲೆ ಕಂಪನಿ ನಾಟಿಂಗ್‌ಹ್ಯಾಮಿನಲ್ಲಿ ಸೈಕಲ್ ತಯಾರಿಸುವುದನ್ನು 2002ರಲ್ಲಿ ನಿಲ್ಲಿಸಿತು. ನಮ್ಮ ಅಸನ್ಸೋಲಿನ ಕಾರಖಾನೆ ಸರಕಾರದ ವಶಕ್ಕೆ ಹೋಗಿ ಕೊನೆಗೆ ಮುಚ್ಚಿತು. ಅಟ್ಲಾಸಿನ ಸಾಹಿಬಾಬಾದ್ ಕಾರಖಾನೆಗೆ ಬೀಗ ಬಿದ್ದದ್ದು 2020ರ ಜೂನ್ 3ರಂದು, ಅದೂ ವಿಶ್ವ ಸೈಕಲ್ ದಿನದಂದೇ. ಅಹಮದಾಬಾದಿನಲ್ಲಿ 2009ರಲ್ಲಿ ಬಿ.ಆರ್.ಟಿ.ಎಸ್. ಬಂದಾಗ ಕೆಲವು ಕಡೆ ಸೈಕಲ್ಲಿಗೆಂದೇ ಪಟ್ಟಿ ಹಾಕಿಕೊಟ್ಟರು. ಹೋಗಿ ನೋಡಿದೆ, ಅದರ ಮೇಲೆ ಸ್ಕೂಟರುಗಳು ನಿಂತಿದ್ದವು.

ಮಗಳು ಈಗ ಪುಣೆಯಲ್ಲಿದ್ದಾಳೆ. ಕೊರಳೆಲುಬು ಕೂಡಿಕೊಂಡ ಜಾಗದಲ್ಲಿ ಸಣ್ಣ ಗಂಟೊಂದು ಉಳಿದಿದೆ. ಹೋದ ದೀಪಾವಳಿಗೆ ಬಂದಾಗ ಅವಳ ಮಗ ಅಜ್ಜನ ಸೈಕಲ್ಲು ಹತ್ತಬೇಕೆಂದು ಕುಣಿದ. ಅವಳೇ ಅದನ್ನು ಹೊರಗೆ ತಂದು, ಮೊದಲು ಎರಡೂ ಬ್ರೇಕು ಒತ್ತಿ ನೋಡಿ, ಆಮೇಲೆ ಆಕಾಶ ನೋಡಿ, ಅವನನ್ನು ನಡುದಂಡದ ಮೇಲೆ ಕೂರಿಸಿಕೊಂಡು ಓಣಿಯ ಕೊನೆಯವರೆಗೆ ಹೋಗಿ ಬಂದಳು. ನಾನು ಕಟ್ಟೆಯ ಮೇಲೆ ಕೂ­ತು ನೋಡಿದೆ, ಏನೂ ಮಾತಾಡಲಿಲ್ಲ.

ಸೈಕಲ್ಲು ಈಗ ವಡೋದರೆಯ ನಮ್ಮ ಮನೆಯ ಮುಂದಿನ ವರಾಂಡದಲ್ಲಿದೆ. ನಿಮ್ಮಲ್ಲಿ ಯಾರಿಗಾದರೂ ತುಳಿದು ನೋಡುವ ಆಸೆಯಿದ್ದರೆ ರವಿವಾರ ಬೆಳಿಗ್ಗೆ ಬನ್ನಿ. ಬರುವಾಗ ನಿಮ್ಮ ಸೈಕಲ್ಲನ್ನೂ ತನ್ನಿ, ಚೈನಿಗೆ ಎಣ್ಣೆ ಕಂಡು ಎಷ್ಟು ದಿನವಾಗಿದೆಯೋ ನೋಡೋಣ. ಮನೆಯವರು ಉಪ್ಪಿಟ್ಟು ಮಾಡುತ್ತಾರೆ. ಮಳೆ ಬರುವ ಹಾಗಿದ್ದರೆ ಮಾತ್ರ ಇನ್ನೊಂದು ವಾರ ಬನ್ನಿ.